ಕೈಕೊಡುವ ಪ್ಲಗ್‌ಇನ್: ದುರಸ್ತಿಯೋ, ತಡೆಯೋ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ತೆರಿಗೆ ಸಲಹೆಗಾರನಾಗಿದ್ದೇನೆ. ಡಿಜಿಟಲ್ ಸಹಿ ಹಾಕುವುದಕ್ಕೆಂದೇ ಹಳೆಯ ಫೈರ್‌ಫಾಕ್ಸ್ ಮತ್ತು ಜಾವಾ ಪ್ಲಗ್‌ಇನ್ ಇರುವ ಕಂಪ್ಯೂಟರೊಂದನ್ನು ಕಚೇರಿಯಲ್ಲಿ ಇಟ್ಟುಕೊಂಡಿದ್ದೇನೆ. ಸರಿಯಾಗಿ ಸಹಿ ಹಾಕುವ ಹೊತ್ತಿಗೆ ಬ್ರೌಸರ್ ಕ್ರ್ಯಾಶ್ ಆಗುತ್ತದೆ. ಪ್ಲಗ್‌ಇನ್ನನ್ನು ಸರಿಪಡಿಸಿಕೊಳ್ಳಬೇಕೆ, ಇಲ್ಲವೇ ನನ್ನ ಸಹಾಯಕರು ಹೇಳುವಂತೆ ತಡೆದುಬಿಡಬೇಕೆ?

ಉತ್ತರ: ತಡೆಯಬೇಕು. ಆದರೆ ನಿಮ್ಮ ಕೆಲಸ ನಿಲ್ಲದಂತೆ ಬದಲಿ ದಾರಿಯನ್ನು ಮೊದಲು ಸಿದ್ಧಮಾಡಿಕೊಂಡು ತಡೆಯಬೇಕು.

ಪ್ಲಗ್‌ಇನ್ ಎಂಬುದು ಒಂದು ಕಂಪನಿ ಬರೆದು ಮತ್ತೊಂದು ಕಂಪನಿಯ ಬ್ರೌಸರಿನೊಳಗೆ ಓಡುವ ತಂತ್ರಾಂಶ. ಅದರ ದೋಷವನ್ನು ತಿದ್ದುವುದು ಬರೆದವರಿಗೆ ಮಾತ್ರ ಸಾಧ್ಯ. ಬ್ರೌಸರ್ ತಯಾರಕರ ಕೈಯಲ್ಲಿರುವುದು ಅದನ್ನು ಬೇರ್ಪಡಿಸುವುದು ಅಥವಾ ತಡೆಯುವುದು ಅಷ್ಟೇ. 2010ರ ಜೂನ್‌ನಲ್ಲಿ ಬಂದ ಫೈರ್‌ಫಾಕ್ಸ್ 3.6.4 ಆವೃತ್ತಿಯು ಫ್ಲ್ಯಾಶ್, ಕ್ವಿಕ್‌ಟೈಮ್, ಸಿಲ್ವರ್‌ಲೈಟ್ ಎಂಬ ಪ್ಲಗ್‌ಇನ್‌ಗಳನ್ನು ಬ್ರೌಸರಿನಿಂದ ಬೇರೆಯಾದ ಪ್ರತ್ಯೇಕ ಪ್ರೋಸೆಸ್‌ನಲ್ಲಿ ಓಡಿಸತೊಡಗಿದ ಮೇಲೆ, ಅವು ಕುಸಿದರೂ ಬ್ರೌಸರ್ ಉಳಿಯುವಂತಾಯಿತು. ಬಳಕೆದಾರರಿಗೆ ಇದು ದೊಡ್ಡ ನೆಮ್ಮದಿಯಾಗಿತ್ತು. ಆದರೂ ದೋಷ ಇದ್ದಲ್ಲೇ ಇತ್ತು. ಮೆಮೊರಿಯ ನಿರ್ವಹಣೆಯಲ್ಲಿನ ಯಾವ ತಪ್ಪು ಪ್ಲಗ್‌ಇನ್ನನ್ನು ಕೆಡವುತ್ತದೆಯೋ, ಅನೇಕ ಸಲ ಅದೇ ತಪ್ಪು ದುಷ್ಕರ್ಮಿಗಳಿಗೆ ಒಳನುಗ್ಗುವ ಕಿಂಡಿಯೂ ಆಗುತ್ತದೆ.

ತಡೆಯುವುದರಲ್ಲಿಯೂ ವಿವೇಕ ಬೇಕು. 2009ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಒಂದು ಪ್ಲಗ್‌ಇನ್ ಮತ್ತು ಒಂದು ಆ್ಯಡ್‌ಆನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ) ಅನ್ನು ಫೈರ್‌ಫಾಕ್ಸ್ ತಯಾರಕರಾದ ಮೊಜಿಲ್ಲಾ ತಡೆಹಿಡಿದು, ಆ್ಯಡ್‌ಆನ್‌ನಿಂದ ಅಪಾಯವಿಲ್ಲವೆಂದು ತಿಳಿದೊಡನೆ ಅದರ ಮೇಲಿನ ತಡೆಯನ್ನು ಕೆಲವೇ ದಿನಗಳಲ್ಲಿ ತೆಗೆಯಬೇಕಾಯಿತು. 2015ರ ಜುಲೈಯಲ್ಲಿ ಫ್ಲ್ಯಾಶ್‌ನ ಗಂಭೀರ ದೋಷಗಳು ಬಯಲಾದಾಗ ಮೊಜಿಲ್ಲಾ ಅನುಸರಿಸಿದ ಕ್ರಮ ನನಗೆ ಹೆಚ್ಚು ಸರಿಯೆನಿಸುತ್ತದೆ: ದೋಷವಿರುವ ಆವೃತ್ತಿಗಳನ್ನು ತಡೆದು, ಫ್ಲ್ಯಾಶ್ ತಯಾರಕರಾದ ಅಡೋಬಿ ತಿದ್ದಿದ ಆವೃತ್ತಿಯನ್ನು ಕೊಟ್ಟ ಮೇಲೆ ಅದಕ್ಕೆ ಅವಕಾಶ ಕೊಟ್ಟಿತು. ತಿದ್ದುವವರು ಇರುವವರೆಗೆ ತಡೆ ತಾತ್ಕಾಲಿಕವಾಗಿಯೇ ಇರಬೇಕು.

ನಿಮ್ಮ ವಿಷಯದಲ್ಲಿ ತಿದ್ದುವವರೇ ಉಳಿದಿಲ್ಲ. 2013ರ ಜನವರಿಯಲ್ಲಿ ಜಾವಾ 7ರ ದೋಷ ಬಯಲಾದಾಗ ಜಾವಾದ ಒಡೆತನವಿರುವ ಆರಕಲ್ ಕಂಪನಿ ಕೆಲವೇ ದಿನಗಳಲ್ಲಿ ತಿದ್ದುಪಡಿ ಕೊಟ್ಟಿತ್ತು. ಆದರೆ 2018ರ ಜಾವಾ 11ರಲ್ಲಿ ಬ್ರೌಸರ್ ಪ್ಲಗ್‌ಇನ್ನನ್ನೇ ಕೈಬಿಟ್ಟಿತು. ಕ್ರೋಮ್ 2015ರಲ್ಲಿಯೂ ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಬಂದ 52ನೆಯ ಆವೃತ್ತಿಯಲ್ಲಿಯೂ ಇಂತಹ ಪ್ಲಗ್‌ಇನ್‌ಗಳಿಗೆ ಬಾಗಿಲು ಮುಚ್ಚಿದವು. ಫ್ಲ್ಯಾಶ್‌ಗೆ ಮಾತ್ರ ಫೈರ್‌ಫಾಕ್ಸ್ ಇನ್ನೂ ಕೆಲವು ವರ್ಷ ವಿನಾಯಿತಿ ಕೊಟ್ಟಿತ್ತು. ಎಂದರೆ ನೀವು ಬಳಸುತ್ತಿರುವ ಬ್ರೌಸರಿಗೂ ಭದ್ರತಾ ತಿದ್ದುಪಡಿ ಬಾರದೆ ವರ್ಷಗಳೇ ಕಳೆದಿವೆ. ಕಕ್ಷಿದಾರರ ಪ್ಯಾನ್ ಸಂಖ್ಯೆ, ಬ್ಯಾಂಕ್ ವಿವರ, ಸಹಿಯ ಟೋಕನ್ (ಡಿಜಿಟಲ್ ಸಹಿಯನ್ನು ಇಟ್ಟಿರುವ ಯುಎಸ್‌ಬಿ ಸಾಧನ) ಎಲ್ಲವೂ ಹಾದುಹೋಗುವ ಕಂಪ್ಯೂಟರನ್ನು ಅಂತಹ ಸ್ಥಿತಿಯಲ್ಲಿ ಅಂತರಜಾಲಕ್ಕೆ ಜೋಡಿಸಿಡುವುದು ನನಗೆ ನಿಜಕ್ಕೂ ಆತಂಕದ ಸಂಗತಿಯಾಗಿ ಕಾಣುತ್ತದೆ.

ಆದ್ದರಿಂದ ನೀವು ಸಹಿ ಹಾಕುವ ಪ್ರತಿಯೊಂದು ಜಾಲತಾಣದಲ್ಲಿಯೂ ಪ್ಲಗ್‌ಇನ್ ಇಲ್ಲದ ವಿಧಾನವಿದೆಯೇ ಎಂದು ಮೊದಲು ನೋಡಿ. ಜಿಎಸ್‌ಟಿ ಜಾಲತಾಣದಲ್ಲಿ, ಉದಾಹರಣೆಗೆ, ಎಂಸೈನರ್ ಎಂಬ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಂಡರೆ ಹೊಸ ಬ್ರೌಸರಿನಲ್ಲಿಯೇ ಸಹಿ ಹಾಕಬಹುದು. ಸಹಿಯ ಹೊತ್ತಿಗೇ ತೊಂದರೆ ಬರುತ್ತಿರುವುದರಿಂದ ಟೋಕನ್ನನ್ನು ಕಂಪ್ಯೂಟರಿಗೆ ಹೊಂದಿಸುವ ತಂತ್ರಾಂಶ, ಅಂದರೆ ಡ್ರೈವರ್, ಹಳೆಯದಾಗಿರಲೂಬಹುದು; ಟೋಕನ್ ಕೊಟ್ಟವರಿಂದ ಹೊಸದನ್ನು ಪಡೆದು ಹಾಕಿ. ಯಾವುದಾದರೂ ಒಂದು ಜಾಲತಾಣ ಇನ್ನೂ ಜಾವಾ ಪ್ಲಗ್‌ಇನ್ನನ್ನೇ ಕೇಳುತ್ತಿದ್ದರೆ, ಬದಲಾವಣೆ ಕೋರಿ ಆ ಕಚೇರಿಗೆ ಲಿಖಿತವಾಗಿ ಬರೆಯಿರಿ. ಅದು ಬದಲಾಗುವವರೆಗೆ ಆ ಹಳೆಯ ಕಂಪ್ಯೂಟರಿನಲ್ಲಿ ಆ ಒಂದು ತಾಣವನ್ನು ಬಿಟ್ಟು ಬೇರೇನನ್ನೂ ತೆರೆಯಬೇಡಿ, ಇಮೇಲನ್ನಂತೂ ತೆರೆಯಲೇಬೇಡಿ, ಕೆಲಸ ಮುಗಿದೊಡನೆ ನೆಟ್‌ವರ್ಕ್ ಕೇಬಲ್ಲನ್ನು ಕಳಚಿಡಿ.