ಗಾಜಿನ ಭಟ್ಟಿಗಳ ಊರಲ್ಲಿ ನಡೆಯುವ ಪ್ರೇಮಕಥೆಗೆ ಜೀವ ಬರುತ್ತಿಲ್ಲ, ಏನು ಮಾಡಲಿ?

ವೆನಿಸ್ ಹತ್ತಿರದ ಮುರಾನೋ ದ್ವೀಪದಲ್ಲಿ ನಡೆಯುವ ಹಳೇ ಕಾಲದ ಪ್ರೇಮಕಥೆ ಬರೆಯುತ್ತಿದ್ದೀರಿ. ಶ್ರೀಮಂತ ಮನೆತನದ ಹುಡುಗ, ಗಾಜು ಊದುವವನ ಮಗಳು, ಮದುವೆಗೆ ಅಂತಸ್ತಿನ ಅಡ್ಡಿ. ನೂರು ಪುಟ ಆದರೂ ಕಥೆ ಸಪ್ಪೆಯಾಗಿದೆ ಅಂತ ಕೇಳಿದ್ದೀರಿ.

ನಾನು ಕಾದಂಬರಿ ಬರೆದವಳಲ್ಲ. ಇಳಕಲ್‌ನಲ್ಲಿ ನಮ್ಮದು ಬಳೆ ಅಂಗಡಿ. ಗಾಜಿನ ವಿಷಯ ಎಲ್ಲಿ ಸಿಕ್ಕರೂ ಬಿಡದೆ ಓದುತ್ತೇನೆ. ನನಗನಿಸುವುದು, ನಿಮ್ಮ ಕಥೆ ಎಡವಿರುವುದು ಆ ಅಡ್ಡಿಯಲ್ಲೇ.

ಮುರಾನೋದ ಗಾಜಿನ ಕಸುಬುದಾರರಿಗೆ ಭಾರೀ ಗೌರವ ಇತ್ತು. ಅವರ ಮಗಳು ವೆನಿಸ್‌ನ ಕುಲೀನರ ಮನೆಗೆ ಸೊಸೆಯಾಗಿ ಹೋಗಬಹುದಿತ್ತು, ಹುಟ್ಟುವ ಮಕ್ಕಳ ಕುಲೀನ ಪಟ್ಟಕ್ಕೆ ಕುಂದು ಬರುತ್ತಿರಲಿಲ್ಲ. ಅಂದರೆ ನಿಮ್ಮ ಹುಡುಗ ಹುಡುಗಿಗೆ ಅಂತಸ್ತು ಅಷ್ಟು ದೊಡ್ಡ ಗೋಡೆಯೇ ಅಲ್ಲ. ನಿಜವಾದ ಗೋಡೆ ಸಮುದ್ರ. ಬೆಂಕಿಯ ಭಯಕ್ಕೆ 1291ರಲ್ಲಿ ಭಟ್ಟಿಗಳನ್ನೆಲ್ಲ ವೆನಿಸ್‌ನಿಂದ ಆ ದ್ವೀಪಕ್ಕೆ ಸಾಗಿಸಿದರು. ಆಮೇಲೆ ಗಾಜಿನ ಗುಟ್ಟು ಹೊರಗೆ ಹೋಗಬಾರದು ಅಂತ ಕಾನೂನು ಬಿಗಿಯಾಯಿತು. ಕಸುಬುದಾರ ನಾಡು ಬಿಟ್ಟು ಓಡಿದರೆ ಅವನ ಮನೆಯವರನ್ನು ಸೆರೆಗೆ ಹಾಕಬಹುದಿತ್ತು. ಇಂಥ ಕಾನೂನಿರುವ ಊರಿನಲ್ಲಿ ಖಳನಾಯಕ ಬೇರೆ ಬೇಕಾ?

ಕಥೆಯನ್ನು 1665ಕ್ಕೆ ತನ್ನಿ. ಆ ವರ್ಷ ಫ್ರಾನ್ಸಿನ ಮಂತ್ರಿ ಕೋಲ್ಬೇರ್‌ನ ಕಡೆಯವರು ಮುರಾನೋದ ಕೆಲವು ಕೆಲಸಗಾರರಿಗೆ ಆಸೆ ತೋರಿಸಿ, ಕನ್ನಡಿ ಮಾಡಿಸಲು ಗುಟ್ಟಾಗಿ ಪ್ಯಾರಿಸ್‌ಗೆ ಕರೆದುಕೊಂಡು ಹೋದರು. ಹೆಂಡತಿಯರು ದ್ವೀಪದಲ್ಲೇ ಉಳಿದರು. ನಿಮ್ಮ ನಾಯಕಿ ಅಂಥ ಒಬ್ಬ ಕೆಲಸಗಾರನ ಹೆಂಡತಿಯಾಗಲಿ, ಅವಳ ಮನೆ ಬಾಗಿಲಿಗೆ ಇಬ್ಬರು ಬರಲಿ. ಸರ್ಕಾರದವನು 'ವಾಪಸ್ ಬಾ ಅಂತ ಗಂಡನಿಗೆ ಪತ್ರ ಬರೆ' ಅನ್ನಲಿ. ಫ್ರಾನ್ಸಿನ ಕಡೆಯವನು 'ನಾಳೆ ರಾತ್ರಿ ದೋಣಿ ಬರುತ್ತದೆ, ಹೊರಟುಬಿಡು' ಅನ್ನಲಿ. ಅವಳು ಹೋದರೆ ಮುದುಕ ಅಪ್ಪನ ಗತಿ? ನನಗಂತೂ ಇದೇ ಪ್ರೇಮಕಥೆ. ನಮ್ಮ ಕಡೆ ಗಂಡಸರು ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಮನೆಯಲ್ಲಿ ಉಳಿದ ಹೆಂಗಸರು ಹಬ್ಬಕ್ಕೆ ಬಳೆ ಇಡಿಸಿಕೊಳ್ಳಲು ಅಂಗಡಿಗೆ ಬರುತ್ತಾರೆ. ಗಂಡನ ಸುದ್ದಿ ಕೇಳಿದರೆ 'ಆರಾಮ ಅದಾರಂತ್ರೀ' ಅಂದು ಮಾತು ಬದಲಿಸುತ್ತಾರೆ. ಆ 'ಅಂತ' ನಿಮ್ಮ ನಾಯಕಿಯ ಬಾಯಲ್ಲೂ ಬರಬೇಕು.

ಇನ್ನು ಪ್ರೀತಿಯ ದೃಶ್ಯಗಳು. ಕಣ್ಣು, ತುಟಿ, ಬೆಳದಿಂಗಳು ಜಾಸ್ತಿಯಾದರೆ ಭಟ್ಟಿ ಸುಮ್ನೆ ಹಿಂದಿನ ಪರದೆಯಾಗುತ್ತದೆ. ಕೈಯಿಂದ ಶುರು ಮಾಡಿ. ನಮ್ಮ ಅಪ್ಪ ಬಳೆ ಇಡುವಾಗ ಗಿರಾಕಿಯ ಮುಖ ನೋಡುವುದಿಲ್ಲ. ಕೈ ಹಿಡಿದು ಮೆತ್ತಗೆ ಒತ್ತಿ 'ಎರಡು ಆರು' ಅಂತ ಅಳತೆ ಹೇಳುತ್ತಾರೆ. ಗಾಜು ಊದುವವನ ಕೈಗೂ ಒಂದು ಕಟ್ಟುಪಾಡು ಇದೆ. ಕೊಳವೆಯ ತುದಿಯಲ್ಲಿ ಕಾದ ಗಾಜು ಜೇನಿನ ಹಾಗೆ ಇರುತ್ತದೆ. ತಿರುಗಿಸುವುದನ್ನು ನಿಲ್ಲಿಸಿದರೆ ಒಂದು ಕಡೆ ಜೋಲುತ್ತದೆ. ಅವಳು ಬಾಗಿಲಲ್ಲಿ ನಿಂತಿದ್ದಾಳೆ ಅಂತ ಗೊತ್ತು, ಆದರೂ ಅವನ ಕೈ ತಿರುಗುತ್ತಲೇ ಇರಬೇಕು. ಮಾಡಿದ ಪಾತ್ರೆಯನ್ನು ಬಿಸಿ ಗೂಡಿನಲ್ಲಿಟ್ಟು ನಿಧಾನ ಆರಿಸಬೇಕು. ಅವಳನ್ನು ನೋಡುತ್ತಾ ಒಂದಿಷ್ಟು ತಡ ಮಾಡಿದರೆ ಪಾತ್ರೆ ಆಗ ಚೆನ್ನಾಗೇ ಕಾಣಬಹುದು. ರಾತ್ರಿ ಯಾರೂ ಮುಟ್ಟದೆ ಟಣ್ ಅಂತ ಸೀಳುತ್ತದೆ. ಬೆಳಿಗ್ಗೆ ಮೇಸ್ತ್ರಿಗೆ ಎಲ್ಲ ಗೊತ್ತಾಗುತ್ತದೆ. ನಾಯಕಿ ಸಿಟ್ಟಿನಲ್ಲಿ ಹೂದಾನಿ ಎಸೆಯುವ ದೃಶ್ಯಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ?

ಅವಳ ಕೈಗೂ ಕೆಲಸ ಕೊಡಿ. ಮುರಾನೋದ ಮಾರಿಯೆಟ್ಟಾ ಬರೋವಿಯೆರ್ ಎಂಬ ಹೆಣ್ಣುಮಗಳು 1487ರಲ್ಲಿ ತನ್ನದೇ ಸಣ್ಣ ಭಟ್ಟಿ ಇಡಲು ಅನುಮತಿ ಪಡೆದಿದ್ದಳು. ಬಿಳಿ, ಕೆಂಪು, ನೀಲಿ ಪದರಗಳು ಹೂವಿನ ಹಾಗೆ ಕಾಣುವ ಮಣಿಯನ್ನು ಮೊದಲು ಮಾಡಿದವಳು ಅಂತ ಇವತ್ತಿಗೂ ಅವಳ ಹೆಸರೇ ಹೇಳುತ್ತಾರೆ. ನಾವು ಮಾರುವ ಫಿರೋಜಾಬಾದ್ ಬಳೆಗಳ ತುದಿಯನ್ನೂ ಹೆಂಗಸರೇ ಮನೆಯಲ್ಲಿ ಕೂತು, ದೀಪದ ಉರಿಗೆ ಹಿಡಿದು ಕೂಡಿಸುತ್ತಾರೆ. ಬಳೆಯನ್ನು ಬೆಳಕಿಗೆ ಹಿಡಿದರೆ ಆ ಬೆಸುಗೆ ಸಣ್ಣ ಗಂಟಿನ ಹಾಗೆ ಕಾಣುತ್ತದೆ. ನಾನು ದಿನಾ ನೋಡುತ್ತೇನೆ.

ಬರೆದಿರುವ ನೂರು ಪುಟ ಎಸೆಯಬೇಡಿ. ಹುಡುಗಿ ಅವಳೇ ಇರಲಿ. ದೋಣಿ ಬರುವ ರಾತ್ರಿಯನ್ನು ಮೊದಲು ಬರೆಯಿರಿ.