ಗ್ರೂಪಿಗೆ ಸೇರಿಸಿದಿರಿ ಸರಿ, ಲಾಗ್‌ಔಟ್ ಮಾಡಿದಿರಾ?

ಪ್ರಶ್ನೆ: ಲಿನಕ್ಸ್ ಸರ್ವರ್‌ನಲ್ಲಿ ಒಂದು ಫೋಲ್ಡರ್ ನಾವು ನಾಲ್ಕು ಜನ ಬಳಸಬೇಕು. ಗ್ರೂಪ್ ಮಾಡಿ ನನ್ನನ್ನೂ ಸೇರಿಸಿದೆ, ಫೋಲ್ಡರ್‌ಗೆ ಗ್ರೂಪಿನ ಬರೆಯುವ ಅನುಮತಿ ಕೊಟ್ಟೆ. ಆದರೂ 'ಪರ್ಮಿಷನ್ ಡಿನೈಡ್'. ಗೆಳೆಯರು 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಡು ಅಂತಾರೆ. ಕೊಡಲಾ?

ಬೇಡ. ಈ 777 ವೈದ್ಯರು ಎಲ್ಲ ಕಡೆ ಇದ್ದಾರೆ. ಜ್ವರ ಬಂದವನಿಗೆ ಮನೆಯ ಬಾಗಿಲನ್ನೇ ಕಿತ್ತು ಹಾಕು ಅನ್ನುವ ಜನ. ಆ ಯಂತ್ರದಲ್ಲಿರುವ ಯಾವ ಪ್ರೋಗ್ರಾಂ ಬೇಕಾದರೂ ನಿಮ್ಮ ಫೈಲ್ ಅಳಿಸಬಹುದು ಅಂತ ಅದರ ಅರ್ಥ.

ಮೊದಲು ಬರೀ 'ಐಡಿ' ಅಂತ ಹೊಡೆಯಿರಿ. ಆಮೇಲೆ 'ಐಡಿ' ಜೊತೆ ನಿಮ್ಮ ಹೆಸರು ಹಾಕಿ ಹೊಡೆಯಿರಿ. ಎರಡನೆಯದರಲ್ಲಿ ಹೊಸ ಗ್ರೂಪ್ ಇದ್ದು ಮೊದಲನೆಯದರಲ್ಲಿ ಇಲ್ಲ, ಅಲ್ವಾ? ಹೆಸರು ಹಾಕಿದರೆ ಅದು ಗ್ರೂಪ್ ಪಟ್ಟಿ ನೋಡಿ ಹೇಳುತ್ತದೆ. ಹಾಕದಿದ್ದರೆ ಈಗ ಓಡುತ್ತಿರುವ ನಿಮ್ಮ ಶೆಲ್ (ನೀವು ಹೊಡೆದ ಆದೇಶ ನಡೆಸುವ ಪ್ರೋಗ್ರಾಂ) ಬಳಿ ಏನಿದೆಯೋ ಅದನ್ನು ಹೇಳುತ್ತದೆ. ಗ್ರೂಪ್‌ಗಳು ಸಿಗುವುದು ಲಾಗಿನ್ ಆದಾಗ. ಆಮೇಲೆ ಹುಟ್ಟುವ ಪ್ರೋಗ್ರಾಂಗಳೆಲ್ಲ ಅದನ್ನೇ ಹೊತ್ತುಕೊಂಡು ತಿರುಗುತ್ತವೆ. ಹಾಗಾಗಿ ಸುಮ್ನೆ ಇನ್ನೊಂದು ಟರ್ಮಿನಲ್ ಕಿಟಕಿ ತೆರೆದರೆ ಸಾಲದು, ಪೂರ್ತಿ ಲಾಗ್‌ಔಟ್ ಆಗಬೇಕು. ಹಿಂದೆ ಟಿಮಕ್ಸ್ (ಲಾಗ್‌ಔಟ್ ಆದರೂ ಟರ್ಮಿನಲ್ ಜೀವಂತ ಇಡುವ ಪ್ರೋಗ್ರಾಂ) ಓಡುತ್ತಿದ್ದರೆ ಅದನ್ನೂ ಮುಚ್ಚಿ. ವೆಬ್ ಸರ್ವರ್‌ನ ಬಳಕೆದಾರನನ್ನು ಸೇರಿಸಿದ್ದರೆ ಆ ಸರ್ವಿಸ್ ರೀಸ್ಟಾರ್ಟ್ ಮಾಡಿ.

ಗ್ರೂಪಿಗೆ ಸೇರಿಸುವ 'ಯೂಸರ್‌ಮಾಡ್' ಆದೇಶದ ಜೊತೆ ಸಣ್ಣ 'ಎ', ದೊಡ್ಡ 'ಜಿ' ಎರಡೂ ಹಾಕಿದಿರಿ ತಾನೆ? 'ಎ' ಬಿಟ್ಟರೆ ಹಳೆಯ ಹೆಚ್ಚುವರಿ ಗ್ರೂಪ್‌ಗಳೆಲ್ಲ ಹೋಗುತ್ತವೆ. ನಾನೊಮ್ಮೆ ಹೀಗೇ ಅಡ್ಮಿನ್ ಅಧಿಕಾರ ಕೊಡುವ ಸುಡೋ ಗ್ರೂಪಿನಿಂದ ನನ್ನನ್ನೇ ಹೊರಗೆ ಹಾಕಿಕೊಂಡೆ. ಅಂದಿನಿಂದ ಎಂಟರ್ ಒತ್ತುವ ಮೊದಲು ಎರಡು ಸಲ ಓದುತ್ತೇನೆ.

ಇಷ್ಟಾದರೂ ಆಗಲಿಲ್ಲವೇ? 'ನೇಮ್‌ಐ -ಎಲ್' ಕೊಟ್ಟು ಆ ಫೋಲ್ಡರ್‌ವರೆಗಿನ ಪೂರ್ತಿ ದಾರಿಯ ಅನುಮತಿ ನೋಡಿ. ಮೇಲಿನ ಒಂದು ಫೋಲ್ಡರ್‌ನಲ್ಲಿ ನಿಮಗೆ 'ಎಕ್ಸ್' (ಒಳಹೋಗುವ ಅನುಮತಿ) ಇಲ್ಲದಿದ್ದರೂ ಕೆಳಗೆ ಇಳಿಯಲಾಗದು. 700 (ಮಾಲೀಕರಿಗೆ ಮಾತ್ರ ಅನುಮತಿ) ಇರುವ ಹೋಮ್ ಫೋಲ್ಡರ್ ಒಳಗೆ ಹಂಚುವ ಫೋಲ್ಡರ್ ಇಟ್ಟವರೇ ಜಾಸ್ತಿ.

ನಾಳೆ ಹೇಗೂ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಹೊಸ ಫೈಲ್‌ಗೂ ಅದೇ ಗ್ರೂಪ್ ಬರಬೇಕಾದರೆ ಫೋಲ್ಡರ್‌ಗೆ 2775 ಕೊಡಿ. ಆ 2 ಅಂದರೆ ಸೆಟ್‌ಜಿಐಡಿ. ಯೂಮಾಸ್ಕ್ (ಹೊಸ ಫೈಲ್‌ಗೆ ಯಾವ ಅನುಮತಿ ಕೊಡಬಾರದು ಅನ್ನುವ ಸಂಖ್ಯೆ) 022 ಇದ್ದರೆ ಗ್ರೂಪ್ ಸರಿ ಬಂದರೂ ಉಳಿದವರು ಬರೆಯಲಾಗದು, 002 ಮಾಡಿ. ಮೊದಲೇ ಇದ್ದ ಫೈಲ್‌ಗಳಿಗೆ ಇದ್ಯಾವುದೂ ತಗಲುವುದಿಲ್ಲ. ಅದೇ ಡಿಸ್ಕಿನಲ್ಲಿ 'ಎಂವಿ' (ಸ್ಥಳಾಂತರ) ಮಾಡಿ ತಂದದ್ದಕ್ಕೂ ಇಲ್ಲ. ಅವಕ್ಕೆ ಗ್ರೂಪ್ ಬದಲಿಸುವ 'ಸಿಎಚ್‌ಜಿಆರ್‌ಪಿ' ಕೈಯಾರೆ ಓಡಿಸಬೇಕು.

ಪ್ರಶ್ನೆ: ಫೈಲ್ ನನ್ನದೇ, ಗ್ರೂಪಿಗೂ ಓದುವ ಅನುಮತಿ ಇದೆ, ನನಗೆ ಮಾತ್ರ ಓದಲಾಗುತ್ತಿಲ್ಲ!

ಮಾಲೀಕರು ನೀವಾದರೆ ಮಾಲೀಕರ ಅನುಮತಿ ಮಾತ್ರ ಲೆಕ್ಕಕ್ಕೆ. ಗ್ರೂಪಿನದನ್ನು ನೋಡುವುದೇ ಇಲ್ಲ.

ಪ್ರಶ್ನೆ: ಗ್ರೂಪ್ ಹೆಸರಿನ ಜಾಗದಲ್ಲಿ 1007 ಅಂತ ಕಾಣುತ್ತಿದೆ. ವೈರಸ್ಸೇ?

ಅಲ್ಲ. ಆ ನಂಬರಿನ ಗ್ರೂಪ್ ಈ ಯಂತ್ರದಲ್ಲಿ ಇಲ್ಲ, ಅಷ್ಟೇ.

ಪ್ರಶ್ನೆ: ಎಲ್ಲದಕ್ಕೂ ಸುಡೋ ಹಾಕಿಬಿಟ್ಟರೆ ಆಯಿತಲ್ಲ?

ಹಾಕಿ. ಆಮೇಲೆ ಹೊಸ ಫೈಲ್‌ಗಳೆಲ್ಲ ರೂಟ್ (ಅಡ್ಮಿನ್) ಹೆಸರಲ್ಲಿ ಹುಟ್ಟುತ್ತವೆ, ನೀವು ಮತ್ತೆ ಮೊದಲನೆಯ ಪ್ರಶ್ನೆ ಬರೆದು ಕಳಿಸುತ್ತೀರಿ.