ಗುಂಗುರಿಗೆ ‘ಸಮಸ್ಯೆ’ ಎಂದು ಹೆಸರಿಟ್ಟವರು ನಾವೇ

ಓದುಗರ ಪತ್ರ, ಸಂಕ್ಷಿಪ್ತವಾಗಿ:

“ನನಗೆ 26 ವರ್ಷ. ಮನೆ ಉಡುಪಿ, ಕೆಲಸ ಮಣಿಪಾಲದಲ್ಲಿ. ನನ್ನದು ಸ್ಪ್ರಿಂಗಿನಂತೆ ಸುತ್ತಿಕೊಳ್ಳುವ ಬಿಗಿ ಗುಂಗುರು ಕೂದಲು. ಎರಡು ಬಾರಿ ಪಾರ್ಲರಿನಲ್ಲಿ ಕೂದಲು ನೆಟ್ಟಗಾಗಿಸುವ ಸ್ಮೂದನಿಂಗ್ ಮಾಡಿಸಿದ್ದೇನೆ. ಎರಡನೆಯದು ಮುಗಿದು ಹದಿನಾಲ್ಕು ತಿಂಗಳಾಯಿತು. ಇನ್ನು ಬೇಡ ಎಂದು ನಿರ್ಧರಿಸಿದ್ದೇನೆ. ಆದರೆ ಮೇ ತಿಂಗಳಲ್ಲಿ ದೊಡ್ಡಮ್ಮನ ಮಗಳ ಮದುವೆ. ‘ಈ ತಲೆ ಹೊತ್ತುಕೊಂಡು ಹಾಲ್‌ಗೆ ಬರಬೇಡ’ ಎನ್ನುತ್ತಾರೆ ಅಮ್ಮ. ‘ಕಾಗೆ ಗೂಡು’ ಎನ್ನುತ್ತಾರೆ ಅಜ್ಜಿ. ಗುಂಗುರಿನಲ್ಲಿ ಮಲ್ಲಿಗೆ ನಿಲ್ಲುವುದಿಲ್ಲ ಎಂಬುದು ದೊಡ್ಡಮ್ಮನ ತಕರಾರು. ನನಗೊಬ್ಬ ಹುಡುಗನನ್ನು ನೋಡುವ ಮಾತೂ ನಡೆದಿದೆ. ಸದಾ ಮಿಷನ್ ಕಟಿಂಗ್ ಮಾಡಿಸಿಕೊಂಡಿರುವ ಅಪ್ಪ ಪೇಪರ್ ಓದುತ್ತಾರೆ. ಇನ್ನೊಂದು ವಿಷಯ ಹೇಳಲೇಬೇಕು. ಅಮ್ಮ ಪ್ರತಿ ಜಗಳದಲ್ಲೂ ತೋರಿಸುವುದು ನಿಮ್ಮದೇ ಪತ್ರಿಕೆಯ ಹಳೆಯ ಪುಟವನ್ನು. ಅದನ್ನು ಕತ್ತರಿಸಿ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದಾರೆ. ಹೆಸರು ಪ್ರಕಟಿಸಬೇಡಿ.”

ಸಂಪಾದಕರ ಉತ್ತರ:

ನಿಮ್ಮ ಪತ್ರದ ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ, ಬೇರೆ ದಾರಿಯಿಲ್ಲ. ಪತ್ರ ಬಂದ ದಿನ ಮಧ್ಯಾಹ್ನ ಹಳೆಯ ಸಂಚಿಕೆಗಳ ಬೈಂಡುಗಳನ್ನು ಕೆಳಗಿಳಿಸಿಕೊಂಡು ಕುಳಿತೆ. ಧೂಳಿಗೆ ಸೀನಿ ಸೀನಿ ಕೊನೆಗೂ ಪುಟ ಸಿಕ್ಕಿತು. ‘ಗುಂಗುರು ಕೂದಲಿನ ಸಮಸ್ಯೆಗೆ ಏಳು ಪರಿಹಾರಗಳು’. ಬರೆದವರ ಹೆಸರಿಲ್ಲ. ಹೆಸರಿಲ್ಲದ ಬರಹಗಳನ್ನು ಆ ಕಾಲದಲ್ಲಿ ಬರೆಯುತ್ತಿದ್ದ ಉಪಸಂಪಾದಕಿ ನಾನೇ. ಏಳರಲ್ಲಿ ಐದು ಪರಿಹಾರಗಳು ಕೂದಲನ್ನು ಹೇಗಾದರೂ ನೆಟ್ಟಗೆ ಮಾಡುವುದಕ್ಕೆ, ಉಳಿದೆರಡು ಅದು ಕಣ್ಣಿಗೆ ಬೀಳದಂತೆ ಬಿಗಿದು ಕಟ್ಟುವುದಕ್ಕೆ. ಅದನ್ನು ಬರೆಯುವಾಗ ನನ್ನ ತಲೆಯಲ್ಲೂ ಇದೇ ಗುಂಗುರು ಇತ್ತು. ಎಣ್ಣೆ ಮೆತ್ತಿ ಬಿಗಿದ ತುರುಬಿನೊಳಗೆ.

ಹಾಗಾಗಿ ಅಮ್ಮನವರಿಗೆ ಮೊದಲು ಇದನ್ನು ತಿಳಿಸಿ: ಆ ಪುಟವನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಈ ಉತ್ತರವನ್ನು ಅದರ ಮೇಲೆಯೇ ಅಂಟಿಸಬಹುದು.

ನನಗೆ ಅನ್ನಿಸುವುದನ್ನು ನೇರವಾಗಿ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ನಿಮ್ಮ ಕೂದಲನ್ನು ಇದುವರೆಗೆ ಯಾರೂ ನೋಡಿಲ್ಲ. ಅವರು ನೋಡಿರುವುದು ಒಣಗಿದ ಮೇಲೆ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ಕೆದರಿದ ಕೂದಲನ್ನು. ಅದು ಕಾಗೆ ಗೂಡಿನಂತೆಯೇ ಕಾಣುತ್ತದೆ. ಅಜ್ಜಿಯ ಕಣ್ಣಿನಲ್ಲಿ ದೋಷವಿಲ್ಲ.

ನಾನು ನನ್ನ ಕೂದಲನ್ನು ಮೊದಲು ನೋಡಿದ್ದು ಕಾಲೇಜಿನ ದಿನಗಳಲ್ಲಿ. ಅಲ್ಲಿಯವರೆಗೆ ಮಂಗಳೂರಿನ ಬಿಜೈಯ ನಮ್ಮ ಮನೆಯಲ್ಲಿ ದಿನ ಬೆಳಗಾಗುತ್ತಿದ್ದುದು ಬಾಚಣಿಗೆಯ ಸದ್ದಿಗೆ. ಅಮ್ಮ ಮೇಲಿನ ಮೆಟ್ಟಿಲಲ್ಲಿ, ನಾನು ಕೆಳಗಿನ ಮೆಟ್ಟಿಲಲ್ಲಿ. ಬುಡದಿಂದ ತುದಿಗೆ ಒಂದೇ ಎಳೆತ. ನಡುವೆ ಎಲ್ಲೋ ಬಾಚಣಿಗೆ ಸಿಕ್ಕಿಕೊಂಡು ‘ಟಿಕ್’ ಎಂದು ಒಂದು ಹಲ್ಲು ಮುರಿಯುತ್ತಿತ್ತು, ನನ್ನ ಕಣ್ಣಲ್ಲಿ ನೀರು, ಅಮ್ಮನ ಬಾಯಲ್ಲಿ ಬೈಗುಳ. ಶಾಲೆಗೆ ಎರಡು ಜಡೆ ಮಡಚಿ ರಿಬ್ಬನ್ ಕಟ್ಟಲೇಬೇಕಾದ ಕಾಲ ಅದು. ಹಲ್ಲಿಲ್ಲದ ಬಾಚಣಿಗೆಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ.

ಒಂದು ಜುಲೈ ಸಂಜೆ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಾ ತೊಯ್ದು ತೊಪ್ಪೆಯಾಗಿ, ಕಂಕನಾಡಿಯ ಗೆಳತಿಯ ಮನೆ ಸೇರಿದೆ. ಕರೆಂಟು ಹೋಗಿತ್ತು. ಅವಳ ತಾಯಿ ಕೊಟ್ಟ ತೆಳು ಬೈರಾಸನ್ನು ತಲೆಗೆ ಸುತ್ತಿಕೊಂಡು ಚಾ ಕುಡಿದೆ, ಹರಟೆ ಹೊಡೆದೆ, ಬಾಚುವುದನ್ನು ಮರೆತೆ. ಬೈರಾಸು ಬಿಚ್ಚಿ, ಕೂದಲು ತನ್ನಷ್ಟಕ್ಕೆ ಆರಿದ ಮೇಲೆ ಚಿಮಣಿ ದೀಪ ಹಿಡಿದು ಕನ್ನಡಿ ಮುಂದೆ ನಿಂತರೆ, ತಲೆಯ ತುಂಬ ಬೆರಳು ದಪ್ಪದ ಸುರುಳಿಗಳು. ಒಂದೊಂದೂ ಬೇರೆ ಬೇರೆ, ಒಂದೊಂದೂ ಹೊಳೆಯುತ್ತಿದ್ದವು. ಒಂದನ್ನು ತುದಿ ಹಿಡಿದು ಎಳೆದೆ. ಎದೆಯ ತನಕ ಬಂತು. ಬಿಟ್ಟೆ, ಕಿವಿಯ ಪಕ್ಕಕ್ಕೆ ಹಾರಿತು. ಹತ್ತು ಸಲವಾದರೂ ಹಾಗೆ ಮಾಡಿರಬೇಕು. ಮರುದಿನ ಬೆಳಗ್ಗೆ ಮತ್ತೆ ಮೆಟ್ಟಿಲು, ಮತ್ತೆ ಬಾಚಣಿಗೆ.

ಆ ಸಂಜೆ ನಡೆದದ್ದು ಪವಾಡವೇನಲ್ಲ. ಬಿಗಿ ಗುಂಗುರು ಹುಟ್ಟುವ ಚರ್ಮದೊಳಗಿನ ಪುಟ್ಟ ಕುಳಿಯೇ (ಕೇಶಕೂಪ) ಬಾಗಿರುತ್ತದೆ. ಅದರಿಂದ ಹೊರಬರುವ ಎಳೆಯನ್ನು ಅಡ್ಡ ಕೊಯ್ದು ನೋಡಿದರೆ ದುಂಡಗಿರುವುದಿಲ್ಲ, ಚಪ್ಪಟೆಯಾಗಿರುತ್ತದೆ. ನೆತ್ತಿಯಲ್ಲಿ ಒಸರುವ ಎಣ್ಣೆ ನೆಟ್ಟಗಿನ ಕೂದಲಿನಲ್ಲಿ ಸಲೀಸಾಗಿ ಜಾರುತ್ತದೆ. ಸುರುಳಿಯಲ್ಲಿ ತಿರುವು ತಿರುವಿಗೂ ನಿಲ್ಲುತ್ತದೆ, ತುದಿ ತಲುಪುವುದೇ ಇಲ್ಲ. ಅದಕ್ಕೇ ನಿಮ್ಮ ಕೂದಲಿನ ತುದಿ ಯಾವಾಗಲೂ ಒಣ, ಒಣಗಿದ್ದಾಗ ಬಾಚಿದರೆ ಮುರಿಯುವುದು ಖಚಿತ. ಒದ್ದೆಯಾದಾಗ ಕೂದಲಿನೊಳಗಿನ ಸಣ್ಣ ಬಂಧಗಳು ಬಿಡುತ್ತವೆ, ಆರುವಾಗ ಮತ್ತೆ ಕೂಡುತ್ತವೆ. ಆರುವ ಹೊತ್ತಿನಲ್ಲಿ ಕೆದಕದೆ ಬಿಟ್ಟರೆ ಸುರುಳಿ ತನ್ನ ರೂಪಕ್ಕೆ ಬರುತ್ತದೆ, ಕೆದಕಿದರೆ ಗೂಡು ಕಟ್ಟುತ್ತದೆ. ಇಷ್ಟೇ ವ್ಯತ್ಯಾಸ. ‘ಎಷ್ಟು ವರ್ಷವಾದರೂ ಉದ್ದವೇ ಬರುವುದಿಲ್ಲ’ ಎಂಬ ದೂರು ನಿಮ್ಮ ಮನೆಯಲ್ಲೂ ಇರಬೇಕಲ್ಲ? ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ನಿಮ್ಮದು ಬೆಳೆಯುತ್ತಲೇ ಇದೆ, ಸುರುಳಿಯೊಳಗೆ ಅಡಗಿ ಕುಳಿತಿದೆ.

ಅಂದ ಹಾಗೆ, ಈ ಕೂದಲು ಎಲ್ಲಿಂದ ಬಂತು ಎಂಬ ವಿಚಾರಣೆ ಮನೆಯಲ್ಲಿ ನಡೆದಿದ್ದರೆ, ಪೇಪರ್ ಓದುತ್ತಿರುವವರ ಹಳೆಯ ಫೋಟೋ ಒಂದನ್ನು ಹುಡುಕಿ. ಮಿಷನ್ ಕಟಿಂಗ್ ಅನೇಕ ಸಾಕ್ಷ್ಯಗಳನ್ನು ನಾಶ ಮಾಡುತ್ತದೆ. ಗಂಡಸರ ಗುಂಗುರು ಕತ್ತರಿಗೆ ಹೋಗುತ್ತದೆ, ಹೆಂಗಸರ ಗುಂಗುರು ಚರ್ಚೆಗೆ ಬರುತ್ತದೆ.

ಈಗ ಮನೆಯವರ ಮಾತಿಗೆ ಬರೋಣ. ಅವರನ್ನು ಖಳರನ್ನಾಗಿ ಮಾಡಿ ನಿಮ್ಮನ್ನು ಖುಷಿಪಡಿಸುವುದು ಸುಲಭ, ಅದು ನನಗೆ ಬೇಡ. ಅಜ್ಜಿಯ ಕಾಲದವರಿಗೆ ಬಿಚ್ಚಿದ ತಲೆ ಎಂದರೆ ಸೂತಕ, ಇಲ್ಲವೇ ಸಿಟ್ಟು. ಯಕ್ಷಗಾನ ನೋಡಿ ಬೆಳೆದವರಿಗೆ ಮುಡಿ ಬಿಚ್ಚಿದ ದ್ರೌಪದಿಯನ್ನು ವಿವರಿಸಬೇಕಿಲ್ಲ. ನಿಮ್ಮ ಗುಂಗುರು ಕಟ್ಟಿದರೂ ಕಟ್ಟದಂತೆ, ಬಾಚಿದರೂ ಬಾಚದಂತೆ ಕಾಣುವುದರಿಂದ ಅವರಿಗೆ ಅದು ಅಶುಭ. ಅವರ ಅಳುಕು ಬಿಚ್ಚಿದ ಕೂದಲಿನದು, ಸುತ್ತಿದ ಕೂದಲಿನದಲ್ಲ. ಸುತ್ತಿದ ಕೂದಲನ್ನು ನಮ್ಮ ಭಾಷೆ ಎಂದೂ ಹಳಿದಿಲ್ಲ. ಹಣೆಯ ಮೇಲೆ ಬೀಳುವ ಕೂದಲಿಗೆ ಕನ್ನಡದಲ್ಲಿರುವ ಹೆಸರೇ ಮುಂಗುರುಳು; ಆ ಪದದೊಳಗೆ ಕುರುಳು, ಅಂದರೆ ಗುಂಗುರು, ಮೊದಲೇ ಇದೆ. ಹಳೆಯ ಕವಿಗಳು ಚೆಲುವೆಯ ವರ್ಣನೆಗೆ ಕುಳಿತರೆ ಕುರುಳನ್ನು ಬಿಟ್ಟು ಮುಂದೆ ಹೋಗುತ್ತಿರಲಿಲ್ಲ.

ಆದ್ದರಿಂದ ನನ್ನ ಸಲಹೆ: ಕಟ್ಟುವುದಕ್ಕೆ ಒಪ್ಪಿ, ಕಾಯಿಸುವುದಕ್ಕೆ ಒಪ್ಪಬೇಡಿ. ಮಠಕ್ಕೆ, ಶ್ರಾದ್ಧಕ್ಕೆ, ಅಜ್ಜಿಯ ಎದುರಿನ ಊಟಕ್ಕೆ ಸಡಿಲವಾಗಿ ಕಟ್ಟಿಕೊಳ್ಳಿ, ನಿಮ್ಮ ಗಂಟೇನೂ ಹೋಗುವುದಿಲ್ಲ. ಸಡಿಲವಾಗಿ ಎಂದದ್ದನ್ನು ಮರೆಯಬೇಡಿ. ವರ್ಷಗಟ್ಟಲೆ ಜಗ್ಗಿ ಕಟ್ಟಿದರೆ ಹಣೆಯ ಅಂಚಿನ ಕೂದಲು ಬುಡಸಮೇತ ಹಿಂದೆ ಸರಿಯುತ್ತದೆ, ಕೆಲವರಿಗೆ ಮತ್ತೆ ಬರುವುದೇ ಇಲ್ಲ. ನನ್ನ ಎಡ ಹಣೆಯ ಮೇಲಿನ ಖಾಲಿ ಜಾಗ ಶಾಲೆಯ ರಿಬ್ಬನ್ನಿನ ಕೊಡುಗೆ.

‘ನಮ್ಮ ಕಡೆಯ ಕೂದಲೇ ಅಲ್ಲ’ ಎಂದು ಯಾರಾದರೂ ಹೇಳಿದರೆ ಮಾತ್ರ ಸುಮ್ಮನಿರಬೇಡಿ. ಇಲ್ಲಿಂದ ಉತ್ತರಕ್ಕೆ ಒಂದು ಜಿಲ್ಲೆ ದಾಟಿದರೆ ಯಲ್ಲಾಪುರ, ಹಳಿಯಾಳ, ಅಂಕೋಲಾಗಳ ಕಾಡಿನಂಚಿನಲ್ಲಿ ಸಿದ್ದಿ ಜನರಿದ್ದಾರೆ. ಪೂರ್ವಿಕರು ಆಫ್ರಿಕಾದವರು, ಇವರು ಶತಮಾನಗಳಿಂದ ಈ ನೆಲದವರು. 2020ರಲ್ಲಿ ಆ ಸಮುದಾಯದ ಶಾಂತಾರಾಮ ಸಿದ್ದಿ ನಮ್ಮ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಬಿಗಿ ಗುಂಗುರನ್ನು ಹೊರಗಿನದೆಂದು ಜರೆಯುವವರು ಇವರನ್ನೂ ಹೊರಗೆ ನಿಲ್ಲಿಸುತ್ತಾರೆ. ಅಮೆರಿಕದಲ್ಲಿ ಕಪ್ಪು ಜನರಿಗೆ ಹುಟ್ಟುಕೂದಲಿನ ಕಾರಣಕ್ಕೇ ಕೆಲಸ, ಶಾಲೆ ತಪ್ಪುತ್ತಿತ್ತು. ಅದನ್ನು ತಡೆಯಲು 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕಾನೂನನ್ನೇ ಮಾಡಬೇಕಾಯಿತು. ನಮ್ಮ ನಿಮ್ಮ ಕಷ್ಟವನ್ನು ಅವರದರ ಪಕ್ಕದಲ್ಲಿಟ್ಟು ತೂಗಲಾರೆ. ನಮ್ಮದು ಮೆಟ್ಟಿಲ ಮೇಲಿನ ಜಗಳ.

ಪಾರ್ಲರಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಕ್ರೀಮು ಹಚ್ಚಿ, 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಇಸ್ತ್ರಿ ಎಳೆಯುವಾಗ ಕಣ್ಣು ಉರಿದದ್ದು ನೆನಪಿದೆಯೇ? ಇಂಥ ಎಷ್ಟೋ ಕ್ರೀಮುಗಳು ಬಿಸಿಯಾದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅದಿಲ್ಲ ಎಂದು ಮಾರುವ ಕ್ರೀಮುಗಳಲ್ಲಿ ಕೆಲವದರಲ್ಲಿ ಗ್ಲೈಆಕ್ಸಿಲಿಕ್ ಆಮ್ಲವಿರುತ್ತದೆ. ಅಂಥದನ್ನು ಮೂರು ಬಾರಿ ಹಚ್ಚಿಸಿಕೊಂಡ ಯುವತಿಯೊಬ್ಬಳಿಗೆ ಮೂರು ಬಾರಿಯೂ ಮೂತ್ರಪಿಂಡಕ್ಕೆ ಪೆಟ್ಟಾದದ್ದು 2024ರಲ್ಲಿ ವೈದ್ಯಕೀಯ ನಿಯತಕಾಲಿಕದಲ್ಲಿ ದಾಖಲಾಯಿತು. ಅವಳಿಗೂ ನಿಮ್ಮದೇ ವಯಸ್ಸು, 26. ಮಾಡಿಸಿಕೊಂಡ ಎಲ್ಲರಿಗೂ ಹೀಗಾಗುತ್ತದೆ ಎಂದು ಹೆದರಿಸುತ್ತಿಲ್ಲ. ಆದರೆ ಒಂದು ಮದುವೆಯ ಫೋಟೋಗೆ ಇಷ್ಟು ಲೆಕ್ಕ ಹಾಕಬೇಕೇ ಎಂದು ಅಮ್ಮನನ್ನು ಕೇಳಬಹುದು.

ಹುಡುಗ ನೋಡುವ ವಿಚಾರಕ್ಕೂ ಒಂದು ಮಾತು. ಇಸ್ತ್ರಿ ಹಾಕಿದ ಕೂದಲಿನ ಫೋಟೋ ಕಳುಹಿಸಿ ಸಂಬಂಧ ಕುದುರಿಸಿದರೆ ಮಳೆಗಾಲದ ಆಟಿ ತಿಂಗಳ ಮೊದಲ ಮಳೆಗೆ ಗುಟ್ಟು ರಟ್ಟಾಗುತ್ತದೆ. ನಮ್ಮ ಕರಾವಳಿಯ ಗಾಳಿ ಸುಳ್ಳು ಹೇಳಲು ಬಿಡುವುದಿಲ್ಲ.

ಇನ್ನು ಕೆಲಸದ ಮಾತು. ಹದಿನಾಲ್ಕು ತಿಂಗಳೆಂದರೆ ನಿಮ್ಮ ಬುಡದಲ್ಲಿ ಎಳೆದು ಅಳೆದರೆ ಹದಿನಾಲ್ಕು, ಹದಿನೈದು ಸೆಂಟಿಮೀಟರ್ ಸ್ವಂತ ಗುಂಗುರಿದೆ, ಅದರ ಕೆಳಗೆ ಪಾರ್ಲರಿನ ನೆಟ್ಟಗಿನ ಬಾಲ. ಎರಡೂ ಕೂಡುವ ಜಾಗವೇ ಅತಿ ದುರ್ಬಲ, ಕೂದಲು ಮುರಿಯುವುದು ಅಲ್ಲೇ. ಆ ಬಾಲ ಮತ್ತೆಂದೂ ಸುರುಳಿಯಾಗುವುದಿಲ್ಲ. ಕತ್ತರಿಸಿ. ಒಮ್ಮೆಲೇ ಆಗದಿದ್ದರೆ ತಿಂಗಳಿಗೆ ಎರಡು ಬೆರಳಿನಷ್ಟು. ಮೇ ತಿಂಗಳಿಗೆ ಗಿಡ್ಡ ಗುಂಗುರು ಉಳಿದರೂ ಚೆಂದವೇ.

ಎಣ್ಣೆಯ ವಿಚಾರದಲ್ಲಿ ಅಮ್ಮನೇ ಸರಿ, ಅದನ್ನು ಬಾಯಿಬಿಟ್ಟು ಹೇಳಿ. ತೆಂಗಿನೆಣ್ಣೆಯಲ್ಲಿರುವ ಲಾರಿಕ್ ಆಮ್ಲ ಕೂದಲಿನೊಳಕ್ಕೆ ಇಳಿಯಬಲ್ಲದು, ತೊಳೆಯುವಾಗ ಪ್ರೋಟೀನು ಸೋರಿ ಹೋಗುವುದನ್ನು ತಗ್ಗಿಸುತ್ತದೆ. ಸ್ನಾನಕ್ಕೆ ಮುಂಚೆ ಹಚ್ಚಿ, ತೊಳೆಯಿರಿ. ವಾರಕ್ಕೆ ಒಂದೆರಡು ಸಲ ತೊಳೆದರೆ ಸಾಕು. ಬಿಡಿಸುವುದು ಒದ್ದೆಯಿದ್ದಾಗ ಮಾತ್ರ, ಕಂಡೀಷನರ್ ಹಚ್ಚಿ ಅಥವಾ ಹಿತ್ತಲಲ್ಲಿ ದಾಸವಾಳವಿದ್ದರೆ ಅದರ ಎಲೆ ಕಿವುಚಿದ ಲೋಳೆ ಹಚ್ಚಿ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಬುಡಕ್ಕೆ ಏರಿ; ನನ್ನಮ್ಮ ಮಾಡುತ್ತಿದ್ದುದಕ್ಕೆ ಸರಿಯಾಗಿ ಉಲ್ಟಾ. ದಪ್ಪ ಟರ್ಕಿ ಟವೆಲಿನಲ್ಲಿ ತಿಕ್ಕಬೇಡಿ, ಹಳೆಯ ಬೈರಾಸಿನಲ್ಲಿ ಒತ್ತಿ ನೀರು ತೆಗೆಯಿರಿ. ಹೊರದೇಶದ ಗುಂಗುರು ಪಂಡಿತರು ಹಳೆಯ ಹತ್ತಿ ಟೀಶರ್ಟು ಬಳಸಿ ಎನ್ನುತ್ತಾರೆ, ಪಾಪ, ಅವರಿಗೆ ಬೈರಾಸು ಗೊತ್ತಿಲ್ಲ. ಗ್ಲಿಸರಿನ್ ಹೆಚ್ಚಿರುವ ಕ್ರೀಮುಗಳನ್ನು ಮಳೆಗಾಲದಲ್ಲಿ ಬದಿಗಿಡಿ, ನಮ್ಮ ತೇವದ ಗಾಳಿಯಿಂದ ನೀರು ಹೀರಿ ತಲೆಯನ್ನು ಉಬ್ಬಿಸುತ್ತವೆ. ದಿಂಬಿಗೆ ಅಜ್ಜಿಯ ಹರಿದ ರೇಷ್ಮೆ ಸೀರೆಯ ತುಂಡು ಕೇಳಿ ಹೊದಿಸಿ. ಕೇಳುವ ನೆಪದಲ್ಲಿ ಮಾತಾದರೂ ಆದೀತು.

ಒಂದು ಭಾನುವಾರ ಈ ಕೆಲಸಕ್ಕೆ ಅಮ್ಮನನ್ನೇ ಕರೆಯಿರಿ. ವಾದ ಬೇಡ. ಲೋಳೆ ಹಚ್ಚಿದ ಒದ್ದೆ ಕೂದಲನ್ನು ಅವರ ಕೈಗೆ ಕೊಟ್ಟು, ಬೆರಳಿನಿಂದ ಬಿಡಿಸಿಕೊಡಿ ಎನ್ನಿ. ಹಲವು ವರ್ಷ ಎಳೆದೇ ಗೊತ್ತಿರುವ ಕೈ ಅದು. ಗಂಟು ಜಾರಿ ಬಿಟ್ಟುಕೊಳ್ಳುವುದನ್ನು ಅದೂ ಒಮ್ಮೆ ಅರಿಯಲಿ. ನನ್ನಮ್ಮನಿಗೆ ಆ ಭಾನುವಾರ ಕೊಡುವುದು ನನಗೆ ಹೊಳೆಯಲಿಲ್ಲ. ಅವರ ಡಬ್ಬಿ ಈಗ ನನ್ನ ಮೇಜಿನ ಮೇಲಿದೆ, ಪೆನ್ನು ಹಾಕಿಟ್ಟಿದ್ದೇನೆ.

ಕೊನೆಗೆ ಮಲ್ಲಿಗೆ. ದೊಡ್ಡಮ್ಮನ ತಕರಾರು ಹಗುರದ್ದಲ್ಲ. ಮಲ್ಲಿಗೆ ಮಾರುವವರ ಲೆಕ್ಕದಲ್ಲಿ ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ದಿನಗಳಲ್ಲಿ ಶಂಕರಪುರ ಮಲ್ಲಿಗೆಯ ಅಟ್ಟೆಯ ಬೆಲೆ ಕೇಳಿದವರು ಅದು ಮದುವೆ ಹಾಲ್‌ನ ನೆಲಕ್ಕೆ ಜಾರುವುದನ್ನು ಸಹಿಸಲಾರರು. ಆದರೆ ಜಾರುವುದು ಇಸ್ತ್ರಿ ಹಾಕಿ ನುಣುಪಾದ ಕೂದಲಿನಲ್ಲಿ. ಮುಹೂರ್ತದ ಹಿಂದಿನ ದಿನ ತಲೆ ತೊಳೆದು ಹಾಗೇ ಆರಲು ಬಿಡಿ, ಬೆಳಗ್ಗೆ ಕೈಯಲ್ಲೇ ಎತ್ತಿ ಹಿಂದೆ ಸಡಿಲ ಗಂಟು ಹಾಕಿ, ದಂಡೆಯನ್ನು ಆ ಗಂಟಿನ ಸುತ್ತ ಸುತ್ತಿ. ಸುರುಳಿಗಳು ನೂಲನ್ನು ತಾವಾಗಿ ಹಿಡಿದುಕೊಳ್ಳುತ್ತವೆ. ಮುಡಿಸುವ ಕೆಲಸ ದೊಡ್ಡಮ್ಮನಿಗೇ ಬಿಡಿ. ಅವರು ಬಾಯಲ್ಲಿ ನಾಲ್ಕು ಪಿನ್ನು ಕಚ್ಚಿಕೊಂಡೇ ಬರುತ್ತಾರೆ. ಮೂರು ಉಳಿಯುತ್ತವೆ.